ಹೆಸರು ಹೋದ ಚಂಡಮಾರುತ

ಹೋದ ವಾರ ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರೋ ನೂಲಿಗೆ ಗಂಜಿ ಬಳಿಯುತ್ತಿದ್ದರು. ಸೀರೆಯ ಹಾಸಿನ, ಅಂದರೆ ಉದ್ದೆಳೆಗಳ, ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಾಕಿ ಬಿಸಿಲಿಗೆ ಒಣಗಿಸುವುದು ನೇಕಾರರ ಪದ್ಧತಿ. ಆ ಹುಳಿ ವಾಸನೆ ಬಂದರೆ ನನಗೆ ಮಳೆ ಕಾಕಾ ನೆನಪಾಗುತ್ತಾರೆ...

ಕಾಕಾ ನೆಂಟರೇನಲ್ಲ, ಪಕ್ಕದ ಮನೆಯ ಒಂಟಿ ಮನುಷ್ಯ. ಸರಕಾರಿ ಕಚೇರಿಯೊಂದರ ಅಂಗಳದ ಮಳೆಮಾಪಕವನ್ನು ದಿನಾ ಬೆಳಿಗ್ಗೆ ನೋಡಿ, ಬಿದ್ದ ಮಳೆಯನ್ನು ಅಳೆದು ಬರೆಯುವುದು ಅವರ ಕೆಲಸ. ವರ್ಷವೆಲ್ಲ ಸೊನ್ನೆ ಬರೆದೇ ಸಂಬಳ ಎಣಿಸುತ್ತಾರೆಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಆದರೂ ಹಾಸು ಹಾಕುವ ಮುನ್ನ ಎಲ್ಲರೂ ಕೇಳುವುದು ಅವರನ್ನೇ. ಬಿದ್ದ ಮಳೆ ಅಳೆಯುವವರಿಗೆ ಬೀಳಲಿರುವ ಮಳೆ ಹೇಗೆ ತಿಳಿಯಬೇಕು ಎಂದು ನಮಗಾರಿಗೂ ಹೊಳೆಯಲಿಲ್ಲ. ಅವರಿಗೂ ಹೊಳೆಯಲಿಲ್ಲ, ನಾಲ್ಕು ಜನ ಬಂದು ಕೇಳುವುದು ಅವರಿಗೆ ಇಷ್ಟವಾಗಿತ್ತು.

ಅಕ್ಕನ ಲಗ್ನದ ಸೀರೆಯನ್ನು ತಾನೇ ನೇಯಬೇಕೆಂದು ಅವ್ವ ಹಟ ಹಿಡಿದಿದ್ದಳು. ಲಗ್ನಕ್ಕೆ ತಿಂಗಳೂ ಉಳಿದಿರಲಿಲ್ಲ. ಅದೇ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿತು. ಕಾಕಾ ರೇಡಿಯೋ ಕೇಳಿ ಅದರ ಹೆಸರು, ಗಾಳಿಯ ವೇಗ, ಹೋಗುವ ದಿಕ್ಕು ಎಲ್ಲವನ್ನೂ ಕಟ್ಟೆಯ ಮೇಲೆ ಕೂತು ಒಪ್ಪಿಸುತ್ತಿದ್ದರು. ಅದು ಆಂಧ್ರದ ಕರಾವಳಿ ದಾಟಿದ ಮರುದಿನ ಸುದ್ದಿಯಲ್ಲಿ ಹೆಸರೇ ಇರಲಿಲ್ಲ, ಬರೀ ವಾಯುಭಾರ ಕುಸಿತ ಎಂದರು. ಅವ್ವ ಹೋಗಿ ಕೇಳಿದಳು.

“ಹೆಸರು ಹೋತಂದ್ರ ಅದರ ದಮ್ಮೂ ಹೋತು. ನಾಳಿ ಹಾಸು ಹಾಕ್ರಿ, ವೈನಿ,” ಎಂದರು ಕಾಕಾ.

ಗಾಳಿಯ ಜೋರು ಇಳಿದರೆ ಹೆಸರು ಬಿಡುತ್ತಾರೆ, ಮೋಡದ ನೀರು ಮಾತ್ರ ಹಾಗೇ ಇರುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮರುದಿನ ಗಂಜಿ ಆರುವ ಮೊದಲೇ ಮಳೆ ಹಿಡಿಯಿತು. ಸಂಜೆತನಕ ಬಿಡಲಿಲ್ಲ. ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು.

ಆಮೇಲೆ ಹದಿನೈದು ದಿನ ಕಾಕಾ ಕಚೇರಿ ಮುಗಿಸಿ ನೇರ ನಮ್ಮ ಮನೆಗೆ ಬಂದು, ಕನ್ನಡಕ ಏರಿಸಿ, ಎಳೆ ಬಿಡಿಸುತ್ತ ಕೂತರು. ಬಿಡಿಸಿದ್ದಕ್ಕಿಂತ ಹರಿದದ್ದೇ ಹೆಚ್ಚು. ಅವರು ಎದ್ದು ಹೋದ ಮೇಲೆ ಅವ್ವ ಅದನ್ನೆಲ್ಲ ಗಂಟು ಹಾಕಿ ಸರಿಮಾಡುತ್ತಿದ್ದಳು, ಬರಬೇಡಿ ಎನ್ನಲಿಲ್ಲ. ಸೀರೆ ಮುಗಿಯಲಿಲ್ಲ, ಅಕ್ಕ ಅಂಗಡಿಯ ಸೀರೆ ಉಟ್ಟಳು. ಅಕ್ಷತೆಗೆ ಕಾಕಾ ಬರಲಿಲ್ಲ. ಮುಂದೆ ಯಾರೇ ಕೇಳಿದರೂ, ನಿನ್ನೆಯ ಮಳೆ ಕೇಳಿ, ನಾಳೆಯದು ಕೇಳಬೇಡಿ ಎನ್ನುತ್ತಿದ್ದರು.

ಅವರು ನಿವೃತ್ತರಾಗಿ ಶಿರೂರಿನ ತಂಗಿಯ ಮನೆ ಸೇರಿದ ಮೇಲೆ ಒಂದು ದಿನ ಅವ್ವ ಜೋಳ ಹಸನು ಮಾಡುತ್ತ ಹೇಳಿದಳು:

“ಮಳಿ ಬರತೈತಂತ ಅವತ್ತ ನನಗೂ ಅನಸಿತ್ತು. ಲಗ್ನ ಹತ್ರ ಬಂದಿತ್ತಲ್ಲ... ಅವರು ಬ್ಯಾಡ ಅಂದಿದ್ರೂ ಹಾಸು ಹಾಕತಿದ್ದೆ.”

ಅವರಿಗೇಕೆ ಹೇಳಲಿಲ್ಲ ಎಂದೆ. ಬಾಯಿ ಬರಲಿಲ್ಲವಂತೆ; ನೀನೇ ಹೋಗಿ ಹೇಳು ಎಂದಳು. ಬಾಗಲಕೋಟೆಗೆ ಹೋಗುವಾಗೆಲ್ಲ ಬಸ್ಸು ಶಿರೂರಿನಲ್ಲಿ ನಿಲ್ಲುತ್ತಿತ್ತು. ಬರುವಾಗ ಇಳಿದರಾಯಿತು ಎಂದುಕೊಳ್ಳುತ್ತಿದ್ದೆ. ಹೀಗೇ ವರ್ಷಗಳು...

ಮೊನ್ನೆ ಕೊನೆಗೂ ಇಳಿದೆ. ಕಾಕಾ ತೀರಿಹೋಗಿ ಎರಡು ವರ್ಷವಾಯಿತೆಂದು ಅವರ ತಂಗಿ ಹೇಳಿದರು. ಆದರೂ ಅವ್ವನ ಮಾತನ್ನು ಆ ತಂಗಿಯ ಮುಂದೆಯೇ ಒಪ್ಪಿಸಿದೆ. ಅವರು ಚಹಾದ ಕಪ್ಪು ನನ್ನ ಕಡೆ ಸರಿಸಿದರು.

“ನಾ ಹೇಳಿದ್ದಕ್ಕ ಆ ಹುಡುಗಿ ಸೀರಿ ಕೆಟ್ಟಿತಂತ, ಕಡೀತನಕ ಅದನ್ನ ಅಂತಿದ್ದ ನಮ್ಮ ಅಣ್ಣ,” ಎಂದರು.