ಲೇಡೀಸ್ ಕಡೆಯ ಅಭಿಪ್ರಾಯ

ತಿರುಪ್ಪೂರಿನ ಬನಿಯನ್ ಕಂಪನಿಯೊಂದಕ್ಕೆ ನಾನು ಡಿಸೈನರ್ ಆಗಿ ಸೇರಿದಾಗ ನಮ್ಮ ವಿಭಾಗದಲ್ಲಿ ಹೆಂಗಸು ನಾನೊಬ್ಬಳೇ. ಮ್ಯಾನೇಜರ್ ಅಲ್ಲೇ ಹತ್ತಿರದ ಸೂಲೂರಿನ ಹಳೆಯ ಕನ್ನಡ ಮನೆತನದವರು. ನನ್ನೊಂದಿಗೆ ಮಾತ್ರ ಮನೆಮಾತಿನಲ್ಲಿ ಮಾತಾಡುತ್ತಿದ್ದರು. ಮೀಟಿಂಗಿನಲ್ಲಿ ಗಂಡಸರೆಲ್ಲ ಹೇಳಿ ಮುಗಿಸಿದ ಮೇಲೆ ಕನ್ನಡಕವನ್ನು ಹಣೆಗೇರಿಸಿ, ನನ್ನತ್ತ ತಿರುಗಿ, "ಲೇಡೀಸ್ ಕಡೆ ಏನ್ ಹೇಳ್ತೀರಮ್ಮ?" ಎನ್ನುತ್ತಿದ್ದರು. ಲೋಕದ ಹೆಂಗಸರೆಲ್ಲರ ಪರವಾಗಿ ನಾನು ಗುಂಡಿಯ ಬಣ್ಣ ಹೇಳುತ್ತಿದ್ದೆ. ಅವರು ಸಂತೃಪ್ತಿಯಿಂದ ತಲೆಯಾಡಿಸುತ್ತಿದ್ದರು.

ಮರುವರ್ಷ ಇನ್ನೂ ಮೂವರು ಹೆಂಗಸರು ಬಂದರು. ಮ್ಯಾನೇಜರರ ಕಷ್ಟ ಶುರುವಾಯಿತು.

ಒಂದು ದಿನ ಮೀಟಿಂಗಿನಲ್ಲಿ ನೈಟಿಗೆ ಜೇಬು ಬೇಕೋ ಬೇಡವೋ ಎಂದು ನಾವು ನಾಲ್ವರೂ ವಾದಕ್ಕೆ ಬಿದ್ದೆವು. ಅವರು ಎದ್ದು ಬಾಗಿಲು ಮುಚ್ಚಿ, ಕಾಫಿ ತರಿಸಿದರು. "ಸಂಡೈ ಬ್ಯಾಡಮ್ಮ. ಲೇಡೀಸ್ ಎಲ್ಲಾ ಒಂದೇ ಮಾತಿಗೆ ಬನ್ನಿ," ಎಂದರು ನನ್ನತ್ತ ತಿರುಗಿ, ಬೀದಿಜಗಳ ಬಿಡಿಸುವವರ ದನಿಯಲ್ಲಿ. ಹಿಂದಿನ ದಿನವಷ್ಟೇ ಇಬ್ಬರು ಗಂಡಸರು ನೀಲಿ ಬಣ್ಣದ ವಿಷಯಕ್ಕೆ ಕಾಲರ್ ಹಿಡಿಯುವವರೆಗೂ ಹೋಗಿದ್ದರು. ಅದನ್ನು "ಒಳ್ಳೆ ಡಿಸ್ಕಷನ್" ಎಂದು ಇವರೇ ಬೆನ್ನು ತಟ್ಟಿದ್ದರು.

ನನಗೆ ರೇಗಿತು. "ಜೆಂಟ್ಸ್ ಕಡೆ ಏನು ಹೇಳುತ್ತೆ ಸಾರ್?" ಎಂದೆ.

ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಅದೆಂಗಮ್ಮ? ಇವ್ರು ಆರು ಜನ. ಒಬ್ಬೊಬ್ರಿಗೂ ಒಂದೊಂದು ಯೋಸನೆ ಇರ್ತದೆ."

"ನಮಗೂ ಅಷ್ಟೇ ಸಾರ್."

ಮ್ಯಾನೇಜರ್ ಮೇಜಿನ ಸುತ್ತ ಕೂತ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದರು. ಅವರು ನಿಜವಾಗಿಯೂ ಹೆದರಿದ್ದನ್ನು ನಾನು ಕಂಡದ್ದು ಅಂದೇ.

"ಅಷ್ಟೂ ಜನ ಯೋಸನೆ ಮಾಡಕ್ಕೆ ಶುರು ಮಾಡಿದ್ರೆ," ಎಂದರು, "ಮೀಟಿಂಗ್ ಮುಗಿಯೋದು ಯಾವಾಗಮ್ಮ?"