ತದಡಿಯ ಜಟ್ಟಿ ಮತ್ತು ಜಡೆದಾರ

ತದಡಿಯ ಹರಿಕಂತ್ರ ಕೇರಿಯಲ್ಲಿ ಜಟ್ಟಿಯ ಬಲಗೈಗೆ ಒಂದು ಹೆಸರೇ ಇತ್ತು: ಕಿವಿ. ಸಮುದ್ರದ ತಳದಲ್ಲಿ ಮೀನು ಗಾಳದ ಸಿಗಡಿಯನ್ನು ಬರೀ ಮೂಸಿ ಹೋದರೂ ಆ ಕೈಗೆ ಕೇಳಿಸುತ್ತದೆ ಎಂದು ಜನ ಹೇಳುತ್ತಿದ್ದರು. ದೋಣಿ ನಡೆಸುವ ಸಣ್ಣಯ್ಯ ತಾಂಡೇಲನ ಹತ್ತಿರ ಮೂತಿಯ ಜಾಗ, ಎಂದರೆ ದೋಣಿಯ ಮುಂತುದಿ, ಜಟ್ಟಿಯದೇ. ಗಾಳದವರಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇಲ್ಲ. ಹತ್ತಿಯ ಹುರಿಯನ್ನು ಅಂಗೈಗೆ ಮೂರು ಸುತ್ತು ಸುತ್ತಿಕೊಂಡು, ಕಣ್ಣು ಮುಚ್ಚಿ ಕೂತನೆಂದರೆ ದೋಣಿಯಲ್ಲಿ ಯಾರೂ ಕೆಮ್ಮುವಂತಿಲ್ಲ.

ಕೈ ಎಷ್ಟು ಒಳ್ಳೆಯದೋ ನಾಲಿಗೆ ಅಷ್ಟೇ ಕೆಟ್ಟದು. ಕುಂಟನನ್ನು ಕುಂಟ ಎಂದೇ ಕರೆಯುವವನು, ಮಕ್ಕಳಿಲ್ಲದವಳನ್ನು ಕಂಡರೆ ಬಂಜೆ ದೋಣಿ ಎನ್ನುವವನು. ಅವನ ನಾಲಿಗೆಗೆ ದಿನಾ ಸಿಕ್ಕುತ್ತಿದ್ದವನು ತಂಗಿ ನಾಗಿಯ ಗಂಡ ದೇವು. ಭಟ್ಕಳದ ಕಡೆಯವನು, ಕೆಲವು ವರ್ಷ ಬೊಂಬಾಯಿಯ ದೋಣಿಗಳಲ್ಲಿ ದುಡಿದು ಬಂದವನು. ಅಪ್ಪನ ದೋಣಿ ಒಡೆದ ಮೇಲೆ ಹೆಂಡತಿಯ ಕೇರಿಯಲ್ಲೇ ನಿಂತಿದ್ದ. ಅಷ್ಟು ಸಾಕಾಯಿತು ಜಟ್ಟಿಗೆ.

"ಹೋಯ್ ಮನೆ ಅಳಿಯ, ಗಂಜಿ ಉಂಡ್ಕಂಡು ಬಂದ್ಯಾ, ನೆಕ್ಕಂಡು ಬಂದ್ಯಾ?"

ದೇವು ನಕ್ಕು ಗಾಳ ಬಿಚ್ಚಿಕೊಳ್ಳುತ್ತಿದ್ದ.

ಆದರೆ ಒಂದು ದಿನ ನಗುವ ಹಾಗಿರಲಿಲ್ಲ. ತದಡಿಯ ಗಾಳದವರಲ್ಲಿ ಒಂದು ಕಟ್ಟಳೆ ಇದೆ. ಹೊಸ ಹುರಿ ನೀರಿಗಿಳಿದ ಮೇಲೆ, ಮೊದಲ ದೊಡ್ಡ ಮೀನು ದೋಣಿ ಹತ್ತುವ ತನಕ ಅದಕ್ಕೆ ಕತ್ತಿ ತಾಗಿಸಬಾರದು. ತಾಗಿಸಿದರೆ ಆ ಹುರಿಗೆ ಮತ್ತೆ ಮೀನು ಬರುವುದಿಲ್ಲ. ದೇವು ಆ ದೋಣಿಗೆ ಬಂದ ಮೊದಲ ವಾರ, ಜಟ್ಟಿಯ ಹೊಸ ಹುರಿ ಬಂಡೆಗೆ ಸಿಕ್ಕಿಕೊಂಡಾಗ, ಉಪಕಾರ ಮಾಡುವವನಂತೆ ಕತ್ತಿ ತೆಗೆದು ಚಕ್ಕನೆ ಕೊಯ್ದುಬಿಟ್ಟ. ಜಟ್ಟಿ ಎದ್ದು ಅವನ ಕೆನ್ನೆಗೆ ಬಾರಿಸಿದ. ದಡಕ್ಕೆ ಬಂದ ಮೇಲೂ ಬಿಡಲಿಲ್ಲ. ಹೆಂಗಸರು ಮೀನು ಆರಿಸುತ್ತಿದ್ದ ಕಡೆ, ನಾಗಿಯ ಕಣ್ಣೆದುರೇ, ತುಂಡಾದ ಹುರಿಯನ್ನು ಮರಳ ಮೇಲೆ ಹಾಕಿಸಿ ದೇವುವನ್ನು ಅದಕ್ಕೆ ಅಡ್ಡ ಬೀಳಿಸಿದ.

"ಇನ್ನು ಜನ್ಮದಲ್ಲಿ ಮರೀಬೇಡ, ತಿಳೀತಾ?"

"ಮರೀತಿಲ್ಲೆ ಬಾವ," ಎಂದ ದೇವು, ಹಣೆಯ ಮರಳು ಒರೆಸಿಕೊಳ್ಳುತ್ತ.

ಅರವತ್ತೆರಡರ ಮಳೆ ಕಳೆದ ಮೇಲೆ ದೇವು ಬೊಂಬಾಯಿಯ ಗೆಳೆಯನೊಬ್ಬನಿಂದ ನೈಲಾನ್ ಹುರಿ ತರಿಸಿದ. ಹೆಣ್ಣುಮಕ್ಕಳ ಜಡೆಯಂತೆ ಎಳೆ ಎಳೆ ಹೆಣೆದದ್ದು. ಕೇರಿಯವರು ಅದನ್ನು ಜಡೆದಾರ ಎಂದರು. ಹತ್ತಿ ಹುರಿಯ ಅರ್ಧ ದಪ್ಪವಿಲ್ಲ, ಇಬ್ಬರು ಜಗ್ಗಿದರೂ ಹರಿಯುವುದಿಲ್ಲ. ದೇವು ಅದನ್ನು ಬಳಸುವ ರೀತಿ ನೋಡುವುದಕ್ಕೇ ಜನ ಸೇರುತ್ತಿದ್ದರು. ಸುತ್ತುವ ಹಲಗೆಗೆ ಮೊದಲು ಹಳೆಯ ಹತ್ತಿ ಹುರಿ ಸುತ್ತಿ, ಅದರ ಮೇಲೆ ಇದನ್ನು ಸುತ್ತುವನು, ಇಲ್ಲದಿದ್ದರೆ ಜಾರುತ್ತದೆ. ಗಂಟಿಗೆ ಎಂಜಲು ಹಚ್ಚಿ, ಒದ್ದೆ ಮಾಡಿ, ಆಮೇಲೆ ಬಿಗಿಯುವನು. ಅಂಗೈಗೆ ಹಳೇ ಚಪ್ಪಲಿಯ ಚರ್ಮ ಕಟ್ಟಿಕೊಳ್ಳುವನು. ತುದಿಗೊಂದು ಸೋರೆ ಬುರುಡೆ. ಮೀನು ಬಲವಾಗಿ ಎಳೆದರೆ ಬುರುಡೆಯನ್ನೇ ನೀರಿಗೆಸೆದು, ಮೀನು ಸುಸ್ತಾಗುವ ತನಕ ಅದರ ಹಿಂದೆ ದೋಣಿ ಬಿಡುವನು.

"ಬಾಣಂತಿ ಹಂಗೆ ಕೈಗೆ ಕಟ್ಕಂಡು ಕೂತ್ಕಂಡಾನೆ ನೋಡಿ," ಎಂದು ಜಟ್ಟಿ ದೋಣಿಯನ್ನೆಲ್ಲ ನಗಿಸಿದ. ಆದರೆ ಸಂಜೆ ದೋಣಿ ದಡ ಹತ್ತಿದಾಗ ದೇವುವಿನ ಬುಟ್ಟಿ ಭಾರ, ಜಟ್ಟಿಯದು ಹಗುರ. ಸಣಕಲು ಹುರಿಯನ್ನು ನೀರಿನ ಸೆಳೆತ ಒಯ್ಯುವುದಿಲ್ಲ. ಗಾಳ ಹಾಕಿದಲ್ಲೇ ನಿಲ್ಲುತ್ತದೆ. ಒಂದು ದಿನ ತಾಂಡೇಲ ಬೀಡಿ ಹಚ್ಚುತ್ತ, "ಜಟ್ಟಿ, ಇನ್ನೆರಡು ವಾರ ನೋಡ್ತೆ. ಆಮೇಲೆ ಮೂತಿಗೆ ದೇವು ಕೂತ್ಕಳ್ಲಿ," ಎಂದ.

ಮರುದಿನವೇ ಜಟ್ಟಿ ಹೊನ್ನಾವರಕ್ಕೆ ಹೋಗಿ, ಅಷ್ಟರಲ್ಲಿ ಅಲ್ಲಿನ ಅಂಗಡಿಗೂ ಬಂದಿದ್ದ ಹೊಸ ಜಡೆದಾರ ಕೊಂಡು ತಂದ. ದೇವು ಅದನ್ನು ನೋಡಿದವನು, ಜಟ್ಟಿಯ ಹೆಂಡತಿ ಲಕ್ಕಿಯ ಎದುರೇ ಹೇಳಿದ:

"ಬಾವ, ಇದು ಹತ್ತಿ ಅಲ್ಲ. ಕೈಗೆ ಮಾತ್ರ ಸುತ್ಕಬೇಡಿ. ಹತ್ತಿ ಹುರಿ ಸಿಟ್ಟು ಬಂದ್ರೆ ಹರೀತದೆ, ಇದು ಹರಿಯೂದಿಲ್ಲ, ಕೊಯ್ತದೆ."

"ನಂಗೆ ಗಾಳ ಹಾಕೂಕೆ ಕಲಿಸ್ತ್ಯಾ? ನಿನ್ನ ಅಪ್ಪ ದೋಣಿ ಒಡ್ಕಂಡ, ನೀನು ಬುದ್ಧಿ ಹೇಳೂಕೆ ಬಂದೆ!"

ಲಕ್ಕಿ ಗಂಡನ ಬಾಯಿ ಮುಚ್ಚಿಸಲು ನೋಡಿದಳು. ದೇವು ಅಂಗಳ ಇಳಿದು ಹೋದ.

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ದೋಣಿ ಅಳಿವೆ ದಾಟಿ ಲಂಗರು ಹಾಕಿತ್ತು. ಜಟ್ಟಿ ಮೂತಿಯಲ್ಲಿ ಕೂತು ಹೊಸ ದಾರವನ್ನು ಬರಿಗೈಗೆ ಮೂರು ಸುತ್ತು ಸುತ್ತಿದ. ತಳದ ಸದ್ದು ಬರಿಯ ಚರ್ಮಕ್ಕೆ ತಾನೇ ಕೇಳುವುದು! ಕೇಳಿತು. ಏನೋ ದೊಡ್ಡದು, ನಿಧಾನ, ಗಾಳವನ್ನು ಹೊದ್ದು ಮಲಗಿದಂತೆ. "ತೊರಕೆ! ಚಾಪೆಯಷ್ಟಗಲ ಇದ್ದು!" ಎಂದು ಕೂಗಿ ಜಗ್ಗಿದ.

ಚಪ್ಪಟೆ ಮೈಯ ತೊರಕೆ ಮೀನು ಓಡಿತು. ದೋಣಿಯ ಮೂತಿ ಗಿರ್ರನೆ ತಿರುಗಿತು. ಮೂರು ಸುತ್ತೂ ಅಂಗೈಯಿಂದ ನಡುವಿನ ಬೆರಳುಗಳಿಗೆ ಜಾರಿ, ಒಂದರ ಮೇಲೊಂದು ಬಿಗಿದು ಒಳಗೆ ಇಳಿದವು. ಬಿಡಿಸಲು ಎಡಗೈ ಹಾಕಿದ. ಉಗುರು ತೂರಿಸುವಷ್ಟೂ ಸಂದಿಯಿಲ್ಲ. ಪಕ್ಕದಲ್ಲಿದ್ದ ದೇವು ಕತ್ತಿ ಹಿರಿದು ಬಾಗಿದ.

"ಕತ್ತಿ ತಾಗ್ಸಬೇಡ! ಹೊಸ ಹುರಿ!" ಎಂದು ಜಟ್ಟಿ ಅಬ್ಬರಿಸಿದ. ನೋವಿನಲ್ಲೂ ಅವನಿಗೆ ಕಾಣುತ್ತಿದ್ದುದು ಮೂತಿಯ ಜಾಗವೇ.

ದೇವು ಕತ್ತಿಯನ್ನು ಹಿಂದೆಗೆದುಕೊಂಡ.

ತೊರಕೆ ಇನ್ನೊಮ್ಮೆ ತಳಕ್ಕೆ ಧುಮುಕಿತು. ಜಟ್ಟಿ ಮುಗ್ಗರಿಸಿ ದೋಣಿಯಂಚಿಗೆ ಎದೆ ಹಚ್ಚಿದ. ದಾರದ ಮೇಲೆ ರಕ್ತ ಹರಿದು ನೀರಿಗಿಳಿಯುತ್ತಿತ್ತು.

"ಕೊಯ್ಯೋ ದೇವು! ಕೊಯ್ಯೋ ಮಾರಾಯ, ಕೈ ಹೋತು!"

ದೇವು ಅಲುಗಲಿಲ್ಲ. ಕತ್ತಿ ತೊಡೆಯ ಮೇಲಿತ್ತು. ಮೆಲ್ಲಗೆ, ಮನೆಯೊಳಗೆ ಮಾತಾಡುವಂತೆ ಕೇಳಿದ: "ಮೀನು ಇನ್ನೂ ದೋಣಿ ಹತ್ಲಿಲ್ಲಲ್ದಾ ಬಾವ?"

ಜಟ್ಟಿ ಅವನ ಮುಖ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಇಳಿತದ ನೀರು ನೋಡುತ್ತ ಕೂತವನ ಮುಖ. ಹಿಂದಿನಿಂದ ತಾಂಡೇಲ ಹಲಗೆಗಳನ್ನು ಹಾರುತ್ತ ಬಂದು, ಕತ್ತಿ ಕಸಿದು ದಾರ ಕೊಯ್ಯುವ ಹೊತ್ತಿಗೆ, ದಾರ ಎಲುಬಿನ ತನಕ ಹೋಗಿ ಮುಗಿದಿತ್ತು.

ಹೊಳೆ ದಾಟಿಸಿ ಕುಮಟೆಗೆ ಒಯ್ದರು. ಡಾಕ್ಟರು ಹೆಬ್ಬೆರಳು, ಕಿರುಬೆರಳು ಉಳಿಸಿದರು. ನಡುವಿನ ಮೂರನ್ನು ತೆಗೆದರು.

ಮನೆಗೆ ಬಂದ ಜಟ್ಟಿ ಕಂಡಕಂಡವರಿಗೆ ಹೇಳಿದ: ದೇವು ಬೇಕಂತಲೇ ಕೊಯ್ಯಲಿಲ್ಲ, ನೋಡುತ್ತ ಕೂತ. ಕೇರಿ ಕೇಳಿಸಿಕೊಂಡಿತು. "ಕತ್ತಿ ತಾಗ್ಸಬೇಡ ಅಂತ ನೀನೇ ಹೇಳ್ದದ್ದಲ್ದನಾ?" ಎಂದು ಕೇಳಿ ನಕ್ಕಿತು. ಬಂಜೆ ದೋಣಿ ಎನ್ನಿಸಿಕೊಂಡಿದ್ದ ದುರ್ಗಮ್ಮ ಬಾಗಿಲಿಗೆ ಬಂದು, ಕೈ ತೋರಿಸು ಎಂದು ನೋಡಿಕೊಂಡು ತಿರುಗಿ ಹೋದಳು. ತಂಗಿ ನಾಗಿ ಮಾತ್ರ ನಿಂತು ಹೇಳಿದಳು:

"ಮರಳ ಮೇಲೆ ಅಡ್ಡ ಬೀಳ್ಸಿದ್ದು ನಿಂಗೆ ಮರ್ತೋತು ಅಣ್ಣ. ಅವ್ರಿಗೆ ಮರೀಲಿಲ್ಲ. ನಂಗೂ ಮರೀಲಿಲ್ಲ."

ಹುಣ್ಣು ಒಣಗಿದ ಮೇಲೆ ಜಟ್ಟಿ ದೋಣಿ ನಿಲ್ಲುವ ದಕ್ಕೆಗೆ ಹೋದ. ಬೇರೆ ಕೆಲಸ ಬಾರದು. ಎಡಗೈಗೆ ತಳದ ಸದ್ದು ಕೇಳದು. ಮೂತಿಯಲ್ಲಿ ದೇವು ಕೂತಿದ್ದ. ತಾಂಡೇಲ ಜಟ್ಟಿಯ ಕಣ್ಣು ತಪ್ಪಿಸಿ, ಹಿಂದಿನ ಹಲಗೆಯ ಕೆಳಗೆ ಬಿದ್ದಿದ್ದ ತಗಡಿನ ಡಬ್ಬಿ ತೋರಿಸಿದ. ದೋಣಿಯ ತಳದಲ್ಲಿ ಸೋರಿ ನಿಂತ ನೀರು ಮೊಗೆಯುವ ಕೆಲಸ. ಮುದುಕರು ಮಾಡುವುದು. ಜಟ್ಟಿ ಹತ್ತಿ ಕೂತ.

ಅಳಿವೆಯ ಆಚೆ ಮುಂದುಗಡೆ ಗಲಾಟೆಯೆದ್ದಿತು. ದೇವು ಏನೋ ದೊಡ್ಡದನ್ನು ಮೇಲೆಳೆಯುತ್ತಿದ್ದ. ಎಲ್ಲರೂ ಆ ಕಡೆ ಬಾಗಿದ್ದರು. ಜಟ್ಟಿ ಡಬ್ಬಿಯನ್ನು ತೊಡೆಯ ಮೇಲಿಟ್ಟು ಕತ್ತೆತ್ತಿದ. ಯಾವ ಮೀನು ಎಂದು ನೋಡಬೇಕಿತ್ತು, ಅಷ್ಟೇ.

ದೇವು ದಾರದಿಂದ ಕಣ್ಣು ಕೀಳದೆ ಹೇಳಿದ: "ಬಾವ, ತಳದಲ್ಲಿ ನೀರು ಏರ್ತಾ ಉಂಟು."

ಜಟ್ಟಿ ಬಗ್ಗಿ ಮೊಗೆಯತೊಡಗಿದ.