ಕೀ ಪೆಟ್ಟಿಗೆಯ ಗುಟ್ಟು

ಕ್ಯಾತ್ಸಂದ್ರದ ನಮ್ಮ ಮನೆ ಗೇಟಿನಲ್ಲಿ ಸೊಪ್ಪಿನ ಗಂಗಮ್ಮನಿಂದ ಕರಿಬೇವು ಕೊಂಡು ತಿರುಗುವಷ್ಟರಲ್ಲಿ ಗಾಳಿಗೆ ಬಾಗಿಲು ದಡಾರನೆ ಹಾಕಿಕೊಂಡು ಲಾಕ್ ಆಯಿತು. ಒಳಗೆ ಸ್ಟೌ ಮೇಲೆ ಹಾಲಿತ್ತು. ಉಕ್ಕಿ ಬೆಂಕಿ ಆರಿದರೆ ಗ್ಯಾಸ್ ಸೋರುತ್ತದೆ. ಇನ್ನೊಂದು ಕೀ ಇದ್ದದ್ದು ಬಾಗಿಲ ಪಕ್ಕದ ಗೋಡೆಯಲ್ಲಿ, ನಂಬರ್ ಒತ್ತಿದರೆ ತೆರೆಯುವ ಪುಟ್ಟ ಪೆಟ್ಟಿಗೆಯೊಳಗೆ. ಸೇಫ್ಟಿಗೆಂದು ಯಜಮಾನರು ಹಿಂದಿನ ವಾರವಷ್ಟೇ ನಂಬರ್ ಬದಲಿಸಿದ್ದರು. ಗಾಬರಿಯಲ್ಲಿ ನನಗದು ನೆನಪಾಗಲೇ ಇಲ್ಲ. ಅವರು ಬೇಗನೆ ವಸಂತನರಸಾಪುರದ ಫ್ಯಾಕ್ಟರಿಗೆ ಹೋಗಿದ್ದರು; ನನ್ನ ಫೋನೂ ಒಳಗೇ ಇತ್ತು.

ಗಂಗಮ್ಮ ಬುಟ್ಟಿ ಇಳಿಸಿ ಬಂದಳು. "ವಸಿ ಸರೀರಿ ಅಕ್ಕ. ನಂಗೆ ಓದೋಕೆ ಬರಲ್ಲ, ಆದ್ರೆ ನಿಮ್ಮೆಜಮಾನ್ರು ವಾಕಿಂಗಿಂದ ಬಂದು ಒತ್ತೋದು ದಿನಾ ನೋಡ್ತೀನಲ್ಲ. ಮೇಲಿನ ಮೂಲೇದು, ನಡುವಿಂದು, ಕೆಳಗಿಂದು ಎರಡು ಸಲ."

ಅವಳು ಹೇಳಿದಂತೆ ಒತ್ತಿದೆ; ಪೆಟ್ಟಿಗೆ ತೆರೆಯಲಿಲ್ಲ. ಎದುರು ಮನೆ ಮುಂದೆ ಮೊಳ ಹಾಕಿ ಹೂವು ಅಳೆಯುತ್ತಿದ್ದ ಹೂವಾಡಗಿತ್ತಿ ಜಯಮ್ಮ ಅಲ್ಲಿಂದಲೇ ಕೂಗಿದಳು: "ಅಲ್ಲ ಕಣೇ ಗಂಗೂ, ನಡುವಿಂದು ಎರಡು ಸಲ, ಕೆಳಗಿಂದು ಒಂದೇ!"

ಹಾಗೆ ಒತ್ತಿದ್ದೇ ತಡ, ಮುಚ್ಚಳ ಟಕ್ಕನೆ ತೆರೆದುಕೊಂಡಿತು. ಓಡಿಹೋಗಿ ಸ್ಟೌ ಆರಿಸಿದೆ.

ಸಂಜೆಯೇ ಯಜಮಾನರು ಪೆಟ್ಟಿಗೆ ಕಿತ್ತು ಒಳಗಿಟ್ಟರು. ಕಳ್ಳರ ಭಯ ನನಗೆ ಆಮೇಲೆ ಬಂತು, ಮೊದಲು ಬಂದದ್ದು ನಾಚಿಕೆ. ನಮ್ಮ ಪೆಟ್ಟಿಗೆಯ ನಂಬರು ನೆನಪಿಲ್ಲದವಳು ಇಡೀ ಬೀದಿಯಲ್ಲಿ ನಾನೊಬ್ಬಳೇ ಆಗಿದ್ದೆ.